ಬರುವ ದಾರಿ ಎರಡು ತಾಸು

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಸಿಂಧನೂರು ಬಸ್ಸಿಗೆ ಬಾಗಿಲಿಂದ ಹತ್ತಿ ಸೀಟು ಹಿಡಿದವರನ್ನು ಇದುವರೆಗೆ ಯಾರೂ ಕಂಡಿಲ್ಲ. ಅಲ್ಲಿ ಸೀಟು ಸಿಗುವುದು ಕಿಟಕಿಯಿಂದ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಟವೆಲ್ಲೋ, ಚೀಲವೋ, ಕೊನೆಗೆ ಕೂಸಿನ ಕುಲಾವಿಯಾದರೂ ಸರಿ, ಕಿಟಕಿಯೊಳಗೆ ಬಿದ್ದರೆ ಆ ಸೀಟು ನಿಮ್ಮದು. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೆ ಬರೆದಿಟ್ಟ ಕಾನೂನಿಗಿಂತ ಗಟ್ಟಿ.

ಅಂಥ ಕಾನೂನನ್ನು ಮುರಿದವನೊಬ್ಬ ಸಂಘಮಿತ್ರಾಳ ಕಣ್ಣಿಗೆ ಬಿದ್ದದ್ದು ಹೋದ ವರ್ಷದ ಸುಗ್ಗಿಯಲ್ಲಿ.

ಸಂಘಮಿತ್ರಾ ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮನೆ ಮಸ್ಕಿಯಲ್ಲಿ. ದಿನಾ ಮುಂಜಾನೆ ಹೋಗಿ ಸಂಜೆ ಬರುವವಳು. ಅವತ್ತು ನೀಲಿ ಕರ್ಚೀಫನ್ನು ಸರಿಯಾಗಿ ಗುರಿಯಿಟ್ಟು ಮೂರನೇ ಕಿಟಕಿಯೊಳಗೆ ಎಸೆದು, ಜನರ ನಡುವೆ ನುಗ್ಗಿ ಒಳಗೆ ಬಂದರೆ, ಅವಳ ಸೀಟಿನಲ್ಲಿ ಒಬ್ಬ ಕೂತಿದ್ದ. ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ.

"ಸೀಟು ನಂದು," ಎಂದಳು.

"ಕರ್ಚೀಫ್ ನಿಮ್ಮದ್ರಿ, ಅದಕ್ಕ ಮಡಚಿ ಇಟ್ಟೀನಿ. ಸೀಟು ಸರಕಾರದ್ದು."

"ಯಾ ಊರ್ರಿ ನಿಮ್ಮದು?"

"ಮುಕ್ಕುಂದ. ಯಾಕ್ರಿ?"

"ಮುಕ್ಕುಂದಕ್ಕ ಬಸ್ಸು ಬರೋದಿಲ್ಲೇನು? ಕರ್ಚೀಫ್ ಹಾಕಿದ್ರ ಏನಂತ ಗೊತ್ತಿಲ್ಲೇನು ನಿಮಗ?"

"ಗೊತ್ತೈತ್ರಿ. ಆದ್ರ ನಿಮಗ ಟಿಕೆಟೂ ಫ್ರೀ, ಸೀಟೂ ಫ್ರೀ ಅಂದ್ರ, ನಾವು ಗಂಡಸರು ಟಾಪ್ ಮ್ಯಾಲ ಕುಂದ್ರಬೇಕೇನ್ರಿ?"

ಸುತ್ತಲಿನವರು ನಕ್ಕರು. ಸಂಘಮಿತ್ರಾಳಿಗೂ ನಗು ಬಂತು. ತುಟಿ ಕಚ್ಚಿ ಹಿಡಿದಳು. ಅವನು ಅದನ್ನು ನೋಡಿಬಿಟ್ಟ.

"ನಗು ಬಂದ್ರ ನಕ್ಕುಬಿಡ್ರಿ. ಅದಕ್ಕೂ ಟಿಕೆಟ್ ಇಲ್ಲ," ಎಂದು ಎದ್ದು ನಿಂತ. ಕರ್ಚೀಫನ್ನು ಸೀಟಿನ ಮೇಲೆ ಮೊದಲಿದ್ದಂತೆಯೇ ಹಾಸಿದ. ಆಮೇಲೆ ಮಸ್ಕಿಯವರೆಗೂ ಕಂಬಿ ಹಿಡಿದು ನಿಂತೇ ಬಂದ.

ಮಸ್ಕಿಯಲ್ಲಿ ಇಳಿಯುವಾಗ ಅವಳು ಕರ್ಚೀಫನ್ನು ಸೀಟಿನಲ್ಲೇ ಮರೆತಳು. ಮರೆತಳೋ, ಬಿಟ್ಟಳೋ, ಅದನ್ನು ಅವಳನ್ನೇ ಕೇಳಬೇಕು.

ಎರಡು ದಿನದ ಮೇಲೆ ಕರ್ಚೀಫ್ ವಾಪಸ್ ಬಂತು. ಒಗೆದು, ಇಸ್ತ್ರಿ ಹಾಕಿಸಿಕೊಂಡು ಬಂದಿತ್ತು. ಅವನ ಹೆಸರು ನಿಂಗರಾಜ. ಸಿಂಧನೂರಿನಲ್ಲಿ ರೂಮು ಮಾಡಿಕೊಂಡು, ಸುತ್ತಲಿನ ರೈಸ್ ಮಿಲ್ಲುಗಳಲ್ಲಿ ಅಕ್ಕಿ ಆರಿಸುವ ಮಷೀನುಗಳನ್ನು ರಿಪೇರಿ ಮಾಡುವುದು ಅವನ ಕೆಲಸ.

"ಅಕ್ಕಿ ಮ್ಯಾಲಿಂದ ಸುರೀತಿರ್ತೈತ್ರಿ. ಕ್ಯಾಮೆರಾ ಒಂದೊಂದು ಕಾಳೂ ನೋಡ್ತೈತಿ. ಕರಿ ಕಾಳು ಕಂಡ್ರ ಪುಸ್ ಅಂತ ಗಾಳಿ ಊದಿ ಬಾಜೂಕ ಒಗೀತೈತಿ," ಎಂದು ಬಾಯಿಂದ ಗಾಳಿ ಊದಿ ತೋರಿಸಿದ.

"ಮಷೀನಿಗೆ ಅಷ್ಟು ಚಲೋ ಕಣ್ಣು ಐತಿ. ರಿಪೇರಿ ಮಾಡೋರಿಗೆ ಮಾತ್ರ ಕರ್ಚೀಫ್ ಕಾಣಲಿಲ್ಲ."

"ಕಂಡಿತ್ರಿ. ಯಾರು ಬರ್ತಾರೋ ನೋಡೋಣಂತ ಕುಂತಿದ್ದೆ."

ಸಂಘಮಿತ್ರಾ ತಟ್ಟನೆ ಕಿಟಕಿಯ ಹೊರಗೆ ನೋಡಿದಳು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ದಿನಾ ನೋಡುವ ಅದೇ ತೊಗರಿ ಹೊಲ, ಅದೇ ಕರಿ ಮಣ್ಣು. ಆದರೂ ಮಸ್ಕಿ ಬರುವವರೆಗೆ ಕಣ್ಣು ಕೀಳದೆ ಅದನ್ನೇ ನೋಡಿದಳು.

ಆಮೇಲೆ ಲಿಂಗಸುಗೂರಿನಲ್ಲಿ ಅವನ ಕೆಲಸಗಳು ಯಾಕೋ ಹೆಚ್ಚಾದವು. ಅವನ ಒಂದೇ ಟವೆಲ್ಲು ಎರಡು ಸೀಟು ಹಿಡಿಯತೊಡಗಿತು. "ರೀ" ಹೋಗಿ "ನೀ" ಬಂತು. ಸಂಘಮಿತ್ರಾ ಹೋಗಿ ಬರೀ "ಮಿತ್ರಾ" ಆದಳು.

ಇದೆಲ್ಲ ಗುಟ್ಟಾಗಿ ನಡೆಯುತ್ತಿದೆ ಎಂದು ಅವರಿಬ್ಬರೂ ನಂಬಿದ್ದರು. ಪ್ರೀತಿಗೆ ಕಣ್ಣಿಲ್ಲ ಎನ್ನುವುದು ಸುಳ್ಳಲ್ಲ ನೋಡಿ. ಮಿತ್ರಾಳ ಅಪ್ಪ ಬಸ್ಸಪ್ಪ ಮಸ್ಕಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಆ ದಾರಿಯ ಪ್ರತಿಯೊಬ್ಬ ಡ್ರೈವರ್, ಕಂಡಕ್ಟರ್ ಅವನ ಮುಂದೆ ಬಂದು ಸಹಿ ಹಾಕಿ ಹೋಗುವವರು. ಕಂಟ್ರೋಲರನ ಮಗಳು ಬಸ್ಸಿನಲ್ಲಿ ಪ್ರೀತಿ ಮಾಡಿದರೆ ಗುಟ್ಟು ಎಷ್ಟು ದಿನ ಉಳಿದೀತು?

ಬಸ್ಸಪ್ಪ ಗದರಲಿಲ್ಲ. ಹುಡುಗನ ಬಗ್ಗೆ ವಿಚಾರಿಸಿದ. ಮುಕ್ಕುಂದದ ಆ ಮನೆಯ ಗೋಡೆಯ ಮೇಲೂ ತಮ್ಮ ಮನೆಯಲ್ಲಿರುವ ಬುದ್ಧ, ಬಾಬಾಸಾಹೇಬರ ಫೋಟೋಗಳೇ ಇವೆ ಎಂದು ಗೊತ್ತಾದ ಮೇಲೆ ಅವನ ಕಡೆಯ ಪ್ರಶ್ನೆಗಳು ಮುಗಿದವು. ಉಳಿದದ್ದು ಬಸ್ಸಪ್ಪನ ತಾಯಿ ಮುದುಕಮ್ಮನ ಪ್ರಶ್ನೆ. ಅದು ಯಾವಾಗಲೂ ಒಂದೇ ಇರುತ್ತಿತ್ತು.

"ಊರು ಎಷ್ಟು ದೂರ?"

ಮುದುಕಮ್ಮನ ಮನೆಯಲ್ಲಿ ಹೆಣ್ಣು ಕೊಡುವುದಕ್ಕೆ ಒಂದು ಅಳತೆ ಇತ್ತು. ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೊರಟವರು ಮಗಳ ಮನೆ ಮುಟ್ಟಿ, ಅವಳ ಮುಖ ನೋಡಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್ ಬರಬೇಕು. ಅದಕ್ಕಿಂತ ಒಂದು ಮೈಲಿ ಆಚೆಗೂ ಈ ಮನೆಯ ಹೆಣ್ಣಿಲ್ಲ. ಮದುವೆಯಾಗದ ಹೆಣ್ಣುಮಕ್ಕಳೂ ಅಷ್ಟೇ. ದೀಪದ ಹೊತ್ತಿಗೆ ಮನೆಯಲ್ಲಿರಬೇಕು. ಆಕೆಯ ಹಿರಿಯ ಮಗಳು ಗ್ಯಾನಮ್ಮನನ್ನು ಒಂದು ಕಾಲದಲ್ಲಿ ಸೋಲಾಪುರಕ್ಕೆ ಕೊಟ್ಟಿದ್ದರು. ಜ್ವರವೆಂದು ಸುದ್ದಿ ಬಂದು ಮುದುಕಮ್ಮ ಅಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳಿಗೆಂದು ಕಟ್ಟಿಕೊಂಡು ಹೋಗಿದ್ದ ರೊಟ್ಟಿಯ ಗಂಟನ್ನು ಬಿಚ್ಚದೆ ಹಾಗೇ ವಾಪಸ್ ತಂದಳು. ಅಳತೆ ಹುಟ್ಟಿದ್ದು ಅವತ್ತು. ಅದನ್ನು ಮೀರಿ ಮಾತಾಡುವ ಧೈರ್ಯ ಬಸ್ಸಪ್ಪನಿಗೂ ಇರಲಿಲ್ಲ.

"ಸಿಂಧನೂರೇನು, ನಮ್ಮ ಹಿತ್ತಲ ಇದ್ದಂಗ," ಎಂದಳು ಮುದುಕಮ್ಮ. ಬುದ್ಧ ಪೂರ್ಣಿಮೆಯ ದಿನ ನಿಶ್ಚಯ ಎಂದಾಯಿತು.

ಅಷ್ಟರಲ್ಲಿ ಬ್ಯಾಂಕಾಕ್ ಬಂತು.

"ಕಂಪನಿಯವ್ರು ಹೋಗು ಅನ್ನಾಕತ್ತಾರ," ಎಂದ ನಿಂಗರಾಜ ಒಂದು ಸಂಜೆ, ಬಸ್ಸಿನಲ್ಲಿ. "ಎರಡು ವರ್ಷ. ಅಲ್ಲೂ ಭತ್ತ, ಅಲ್ಲೂ ರೈಸ್ ಮಿಲ್ಲು. ಅಲ್ಲೂ ಬುದ್ಧ ಅದಾನ."

"ಮತ್ತ ನಾನು?"

"ಮೊದಲ ಆರು ತಿಂಗಳು ನಾ ಒಬ್ಬನ ಇರಬೇಕು. ಆಮ್ಯಾಲ ಬಂದು ಮದುವಿ ಮಾಡ್ಕೊಂಡು ನಿನ್ನ ಕರಕೊಂಡು ಹೋಗ್ತೀನಿ. ಹೋಗಾಕ, ಬರಾಕ ಎರಡೂ ಟಿಕೆಟ್ ಕಳಿಸ್ಯಾರ. ನೀ ಬರ್ತೀನಂದ್ರ ಹೂಂ ಅಂತೀನಿ. ಇಲ್ಲಂದ್ರ ಇಲ್ಲ."

ಮಿತ್ರಾ ಇದುವರೆಗೆ ನೋಡಿದ್ದ ದೂರದ ಊರೆಂದರೆ ದಿನಾ ಹೋಗಿಬಂದು ಟ್ರೇನಿಂಗ್ ಮಾಡಿದ ರಾಯಚೂರು. ಎದೆಯೊಳಗೆ ಏನೋ ಪುಳಕ್ಕೆಂದು ಎದ್ದಿತು. ಹೆದರಿಕೆಯಲ್ಲ, ಆಸೆ.

"ಜ್ವರ ಎಲ್ಲಾ ಊರಾಗೂ ಬರ್ತೈತಿ. ನರ್ಸಿಗೆ ಎಲ್ಲಿ ಕೆಲಸ ಇಲ್ಲ?" ಎಂದಳು. ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. "ಅಜ್ಜಿ?"

ಭಾನುವಾರ ನಿಂಗರಾಜ ಇಸ್ತ್ರಿ ಅಂಗಿ ಹಾಕಿಕೊಂಡು ಮನೆಗೆ ಬಂದ. ಮುದುಕಮ್ಮ ಹೊರಸಿನ ಮೇಲೆ ಕೂತಿದ್ದಳು. ಬಸ್ಸಪ್ಪ ಕುರ್ಚಿಯಲ್ಲಿ. ಮಿತ್ರಾಳ ಅವ್ವ ನಾಗವೇಣಿ ಅಡುಗೆಮನೆಯ ಬಾಗಿಲಲ್ಲಿ, ಮಿತ್ರಾ ಅವಳ ಹಿಂದೆ. ನಿಂಗರಾಜ ಎಲ್ಲ ಹೇಳಿದ. ಮುದುಕಮ್ಮ ಕೊನೆಯವರೆಗೂ ಕೇಳಿದಳು.

"ವಿಮಾನ ಗಿಮಾನ ನನಗ ತಿಳಿಯೋದಿಲ್ಲಪ್ಪ. ನನ್ನ ಮೊಮ್ಮಗಳಿಗೆ ಅಲ್ಲಿಂದ ಇಲ್ಲಿಗೆ ಬರಬೇಕು ಅನಿಸಿದ್ರ ಎಷ್ಟು ಹೊತ್ತಿನ ದಾರಿ? ಅದನ್ನಷ್ಟು ಹೇಳು."

ನಿಂಗರಾಜ ಮೊಬೈಲು ತೆಗೆದು ಟಿಕೆಟು ನೋಡಿದ. ಒಂದು ಗಳಿಗೆ ಅವನ ಬೆರಳು ಪರದೆಯ ಮೇಲೆ ಮೇಲಕ್ಕೂ ಕೆಳಕ್ಕೂ ಹೋಯಿತು. ಮಿತ್ರಾ ಅದನ್ನು ಕಂಡಳು, ಆದರೆ ಅದರ ಅರ್ಥ ಅವಳಿಗೆ ಆಗ ಹೊಳೆಯಲಿಲ್ಲ.

"ಬ್ಯಾಂಕಾಕ್‌ನಾಗ ರಾತ್ರಿ ಹತ್ತಕ್ಕ ಬಿಟ್ರ ಹನ್ನೆರಡಕ್ಕ ಹೈದರಾಬಾದ್ ಐತಿ ನೋಡ್ರಿ ಅಜ್ಜಿ. ಎರಡು ತಾಸು."

"ಎರಡು ತಾಸು!" ಮುದುಕಮ್ಮನ ಕಣ್ಣು ಅರಳಿದವು. "ಯವ್ವಾ, ರಾಯಚೂರಿಗೆ ಹೋಗಾಕ ಇದಕ್ಕಿಂತ ಹೆಚ್ಚು ಬೇಕು! ಇದೇನು, ಬಿಸಿ ರೊಟ್ಟಿ ಆರೋದ್ರಾಗ ಬಂದುಬಿಡ್ತಾಳ. ನಾಗವೇಣಿ, ಸಕ್ರಿ ತಾ!"

ಸಕ್ಕರೆ ಬಂತು. ಹೈದರಾಬಾದಿನಿಂದ ಮಸ್ಕಿಗೆ ಬರುವ ದಾರಿ ಆ ಸಂಭ್ರಮದಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ಮುದುಕಮ್ಮ ತನ್ನ ಕೈಯಾರೆ ಅವನ ಬಾಯಿಗೆ ಹಾಕಿದಳು. ಅವನು ಅದನ್ನು ನುಂಗುವ ಮೊದಲೇ ಬಸ್ಸಪ್ಪ ಕನ್ನಡಕ ಹಾಕಿಕೊಂಡ. ಯಾವ ಟ್ರಿಪ್ಪಿನ ಮಾತು ಬಂದರೂ ಅದರ ಜೋಡಿಯನ್ನೂ ಕೇಳುವುದು ಅವನ ಹಳೆಯ ಚಾಳಿ.

"ಬರೋದು ಎರಡು ತಾಸು ಸರಿ ತಮ್ಮಾ. ಹೋಗೋದು?"

ನಿಂಗರಾಜ ಮೊಬೈಲನ್ನು ಮುಷ್ಟಿಯಲ್ಲಿ ಹಿಡಿದ. ಬಸ್ಸಪ್ಪ ಕೈ ಚಾಚಿದ. ಮೊಬೈಲು ಕೈ ಬದಲಾಯಿಸಿತು.

"ಹೈದರಾಬಾದ್ ಹನ್ನೆರಡೂವರಿಗೆ ಬಿಡೋದು. ಬ್ಯಾಂಕಾಕ್ ಐದೂವರಿ." ಬಸ್ಸಪ್ಪ ಎರಡು ಸಲ ಓದಿದ. "ಹೋಗಾಕ ಐದು ತಾಸು, ಬರಾಕ ಎರಡು ತಾಸು. ಮೂವತ್ತು ವರ್ಷ ಆತು ಸರ್ವಿಸಿಗೆ ಸೇರಿ. ಇಂಥಾ ಗಾಡಿ ನಾ ಎಲ್ಲೂ ನೋಡಿಲ್ಲ."

"ಗಾಳಿ ಇರಬೇಕ್ರಿ ಮಾವಾರ," ಎಂದ ನಿಂಗರಾಜ, ಸಕ್ಕರೆ ಗಂಟಲಲ್ಲೇ ಇತ್ತು. "ಬರೋ ಮುಂದ ಗಾಳಿ ಬೆನ್ನಿಗಿರ್ತೈತಿ..."

"ಮೂರು ತಾಸಿನ ಗಾಳಿ? ನಿನಗ ಇದು ಮೊದಲ ಗೊತ್ತಿತ್ತೇನು?"

"ನೋಡಿದ್ದೆ ರೀ. ಅಜ್ಜಿ ಬರೋ ದಾರೀನ ಕೇಳಿದ್ರಲ್ರಿ, ಅದಕ್ಕ..."

ಮುದುಕಮ್ಮ ಸಕ್ಕರೆ ಅಂಟಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಧ್ವನಿ ಏರಿಸಲಿಲ್ಲ, ಏರಿಸಿದ್ದರೇ ಚೆನ್ನಾಗಿರುತ್ತಿತ್ತು.

"ಬಸ್ಸ್ಯಾ, ಹುಡುಗಗ ಚಾ ಕೊಟ್ಟು ಕಳಸು. ಹತ್ತರ ಐತಿ ಅಂತ ಹೇಳೋರಿಗೆ ನಾ ಇನ್ನೊಮ್ಮಿ ಹೆಣ್ಣು ಕೊಡೋದಿಲ್ಲ."

ಮಿತ್ರಾ ಅವತ್ತು ಅತ್ತಳು. ಮಾರನೆಯ ದಿನ ಸಿಟ್ಟು ಮಾಡಿಕೊಂಡಳು. ಅವನು ಫೋನ್ ಮಾಡಿದರೆ ಎತ್ತಲಿಲ್ಲ. ಬಸ್ಸಿಗೆ ತನ್ನ ಕರ್ಚೀಫು ತಾನೇ ಎಸೆದು, ಒಬ್ಬಳೇ ಕೂತು ಬಂದಳು. ಅವನು ಹೊರಡುವ ದಿನ ಮುಂದಿನ ವಾರವೇ ಇತ್ತು. ಅದು ನೆನಪಾದಾಗಲೆಲ್ಲ ಸಿಟ್ಟು ಇನ್ನಷ್ಟು ಹೆಚ್ಚುತ್ತಿತ್ತು. ಸುಳ್ಳು ಹೇಳಿ ನನ್ನನ್ನು ಪಡೆಯಬೇಕೆಂದುಕೊಂಡನೆ? ಹಾಗಾದರೆ ಇಷ್ಟು ದಿನ ಹೇಳಿದ್ದರಲ್ಲಿ ಇನ್ನೆಷ್ಟು ಸುಳ್ಳು?

ಮೂರನೆಯ ದಿನ ಆಸ್ಪತ್ರೆಯಲ್ಲಿ ಚಹಾದ ಹೊತ್ತು. ಕಪ್ಪು ಪಕ್ಕಕ್ಕಿಟ್ಟು ಮಿತ್ರಾ ಮೊಬೈಲಿನಲ್ಲಿ ಹುಡುಕಿದಳು. ಹೈದರಾಬಾದಿನಿಂದ ಬ್ಯಾಂಕಾಕ್ ನಿಜವಾಗಿ ಎಷ್ಟು ದೂರ? ಎರಡು ಸಾವಿರದ ನಾನೂರು ಕಿಲೋಮೀಟರಿನಷ್ಟು ಎಂದು ಬಂತು. ವಿಮಾನಕ್ಕೆ ಮೂರೂವರೆ ತಾಸು ಎಂದಿತ್ತು.

ಐದೂ ಅಲ್ಲ. ಎರಡೂ ಅಲ್ಲ. ಇದೆಲ್ಲಿಯ ಮೂರೂವರೆ?

ಅವಳು ಹುಬ್ಬು ಗಂಟಿಕ್ಕಿ ಇನ್ನೊಂದು ಪ್ರಶ್ನೆ ಕೇಳಿದಳು. ಈಗ ಬ್ಯಾಂಕಾಕಿನಲ್ಲಿ ಗಂಟೆ ಎಷ್ಟು? ಐದು ನಲವತ್ತು ಎಂದಿತು ಮೊಬೈಲು. ಮಿತ್ರಾ ತನ್ನ ಕೈಗಡಿಯಾರ ನೋಡಿಕೊಂಡಳು. ನಾಲ್ಕು ಹತ್ತು.

ಅವಳಿಗೆ ಅಲ್ಲೇ ನಗು ಬಂದುಬಿಟ್ಟಿತು. ಇವನು ಸುಳ್ಳುಗಾರನಲ್ಲ, ದಡ್ಡ! ಎದೆಯ ಮೇಲಿದ್ದ ಅರ್ಧ ಭಾರ ಇಳಿಯಿತು. ಆದರೆ ಇನ್ನರ್ಧ ಅಲ್ಲೇ ಕೂತಿತ್ತು, ಯಾಕೆಂದರೆ ಪರದೆಯ ಮೇಲೆ ಮೇಲಕ್ಕೂ ಕೆಳಕ್ಕೂ ಹೋದ ಆ ಬೆರಳು ಅವಳಿಗೆ ಈಗ ಅರ್ಥವಾಗಿತ್ತು.

ಆಗಲೇ ಅವನಿಗೆ ತಾನೇ ಫೋನ್ ಮಾಡಿ ಸಂಜೆಯ ಬಸ್ಸಿಗೆ ಬರಹೇಳಿದಳು. ಬಸ್ಸು ಹತ್ತಿದಾಗ ಅವನು ಎರಡು ಸೀಟು ಹಿಡಿದು, ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಶಿಕ್ಷೆಗೆ ಕಾಯುವವನಂತೆ ಕೂತಿದ್ದ. ಮಿತ್ರಾ ಕಿಟಕಿಯ ಪಕ್ಕ ಕೂತು ಕೈಗಡಿಯಾರವನ್ನೂ ಮೊಬೈಲನ್ನೂ ಅವನ ಮುಂದೆ ಹಿಡಿದಳು.

"ನೋಡು. ಇಲ್ಲಿ ಎಷ್ಟು? ಅಲ್ಲಿ ಎಷ್ಟು? ಅವರ ಗಡಿಯಾರ ನಮ್ಮಕಿಂತ ಒಂದೂವರಿ ತಾಸು ಮುಂದ ಐತಿ. ಬಿಟ್ಟಿದ್ದು ಇಲ್ಲಿ ಗಡಿಯಾರ, ಮುಟ್ಟಿದ್ದು ಅಲ್ಲಿ ಗಡಿಯಾರ. ನೀ ಎರಡೂ ಒಂದ ಅಂತ ತಿಳಕೊಂಡು ಲೆಕ್ಕ ಮಾಡಿದಿ. ಹೋಗಾಕೂ ಮೂರೂವರಿ, ಬರಾಕೂ ಮೂರೂವರಿ."

ಅವನು ಬಹಳ ಹೊತ್ತು ನೋಡಿದ. "ಅಂದ್ರ ಗಾಳಿ ಅಲ್ಲ."

"ಗಾಳಿ ನಿನ್ನ ತಲ್ಯಾಗ ಐತಿ."

"ಹಂಗಾರ ನಾ ಸುಳ್ಳು ಹೇಳಿಲ್ಲ!" ಎಂದು ಅವನು ನಕ್ಕ. ಮಿತ್ರಾ ನಗಲಿಲ್ಲ.

"ಸುಳ್ಳು ಹೇಳಲಿಲ್ಲ. ಆದ್ರ ಎರಡು ನೋಡಿ ಒಂದ ಓದಿದಿ. ಸಿಹಿ ಇದ್ದದ್ದನ್ನ ಓದಿದಿ. ಕರಿ ಕಾಳು ಮುಚ್ಚಿ ಅಕ್ಕಿ ತೋರಸೋ ಮನಷ್ಯಾ ನೀ ಅಲ್ಲ ಅಂತ ತಿಳಕೊಂಡಿದ್ದೆ ನಾನು."

ನಿಂಗರಾಜನ ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು. ಟವೆಲ್ಲಿನ ಅಂಚನ್ನು ಸುತ್ತಿದ, ಬಿಚ್ಚಿದ.

"ಹೆದರಿಕಿ ಆಗಿತ್ತು ಮಿತ್ರಾ," ಎಂದ ಕೊನೆಗೆ. "ಅಜ್ಜಿ ದೂರ ಅಂದುಬಿಟ್ರ ಮುಗೀತು, ನೀ ಸಿಗೋದಿಲ್ಲ ಅಂತ. ಅವತ್ತು ಕರ್ಚೀಫ್ ಮಡಚಿ ಇಟ್ಕೊಂಡಾಗಿಂದ ನಾ ನಿನ್ನ ಬಿಟ್ಟು ಬ್ಯಾರೆ ಏನೂ ಬೇಡಿಲ್ಲ."

ಇಂಥ ಮಾತು ಕೇಳಿದರೆ ಯಾವ ಹುಡುಗಿಯಾದರೂ ಕರಗುತ್ತಾಳೆ. ಮಿತ್ರಾಳೂ ಕರಗಿದಳು. ಆದರೆ ಸೋಲಲಿಲ್ಲ.

"ಇವತ್ತ ಮನಿಗೆ ಬಾ. ಅಜ್ಜಿ ಮುಂದ ಕುಂತು ಖರೇ ದೂರ ಹೇಳು. ವಿಮಾನದ್ದಷ್ಟ ಅಲ್ಲ, ನಮ್ಮ ಮನಿ ಬಾಗಲದಿಂದ ಆ ಮನಿ ಬಾಗಲ ತನಕ."

"ಹೇಳಿದ್ರ ನಿನ್ನ ಕೊಡೋದಿಲ್ಲ."

"ಹೇಳದಿದ್ರ ನಾನ ಬರೋದಿಲ್ಲ."

ಮಸ್ಕಿಯ ಗುಡ್ಡ ಕಾಣಿಸಿತು. ಇಳಿಬಿಸಿಲು ಅದರ ಬಂಡೆಗಳ ಮೇಲಿತ್ತು. ನಿಂಗರಾಜ ಅದನ್ನೇ ನೋಡುತ್ತಿದ್ದ.

"ಅಂದ್ರ ಅಲ್ಲಿ ಒಂದೂವರಿ ತಾಸು ಮೊದಲ ಬೆಳಕಾಗ್ತೈತೇನು?"

"ಹೂಂ. ಯಾಕ?"

"ಹಂಗಾರ ನಿನ್ನ ಕಡೆ ಬರೋ ದಿವಸಾ ಮೊದಲ ನಾ ನೋಡ್ತೀನಿ. ಕರಿ ಕಾಳು ಇದ್ರ ಅಲ್ಲೇ ಊದಿ ಒಗದು, ಬಿಳೇದಷ್ಟ ನಿನಗ ಕಳಸ್ತೀನಿ."

ಮಿತ್ರಾ ಕಿಟಕಿಯ ಹೊರಗೆ ನೋಡಿದಳು. ಮೂರು ದಿನದ ಸಿಟ್ಟು ಅಲ್ಲೇ ಎಲ್ಲೋ ದಾರಿಯಲ್ಲಿ ಇಳಿದುಹೋಯಿತು. ಅದನ್ನು ಅವನಿಗೆ ಹೇಳುವ ಜರೂರು ಮಾತ್ರ ಅವಳಿಗೆ ಕಾಣಲಿಲ್ಲ.

ಮನೆಗೆ ಬಂದಾಗ ಮುದುಕಮ್ಮ ಬುದ್ಧನ ಫೋಟೋದ ಮುಂದೆ ದೀಪ ಹಚ್ಚುತ್ತಿದ್ದಳು. ಡ್ಯೂಟಿ ಮುಗಿಸಿ ಬಂದ ಬಸ್ಸಪ್ಪ ಇನ್ನೂ ಯೂನಿಫಾರಂ ಬಿಚ್ಚಿರಲಿಲ್ಲ. ನಿಂಗರಾಜ ಕೂರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲ ಒಳಗೆ ನಿಂತ.

"ಅಜ್ಜಿ, ಅವತ್ತು ನಾ ಹೇಳಿದ್ದು ತಪ್ಪು. ವಿಮಾನ ಎರಡು ತಾಸಲ್ಲ, ಮೂರೂವರಿ ತಾಸು. ಖರೇ ದೂರ ಅದೂ ಅಲ್ಲ. ಇಲ್ಲಿಂದ ಹೈದರಾಬಾದಿಗೆ ಬಸ್ಸಿನ್ಯಾಗ ಎಂಟು ತಾಸು. ಅಲ್ಲಿ ಮೂರು ತಾಸು ಮೊದಲ ಹೋಗಿ ಕಾಯಬೇಕು. ಆಕಡೆ ಇಳಿದು, ಚೆಕಿಂಗ್ ಮುಗಿಸಿ ಮನಿ ಮುಟ್ಟಾಕ ಮತ್ತ ಎರಡು ಮೂರು ತಾಸು. ಇವತ್ತು ಮುಂಜಾನಿ ಬಿಟ್ಟೋರು ನಾಳಿ ಮುಂಜಾನಿ ಮುಟ್ತಾರ. ಟಿಕೆಟ್ ಸಿಗಲಿಲ್ಲಂದ್ರ ಇನ್ನೂ ಒಂದು ದಿನ. ದೀಪ ಹಚ್ಚೋ ಹೊತ್ತಿಗೆ ಹೋಗಿ ಬರೋ ದಾರಿ ಅಲ್ರಿ ಅದು." ಅವನು ತಲೆ ಎತ್ತಿ ಮುದುಕಮ್ಮನನ್ನೇ ನೋಡಿದ. "ದೂರ ಐತಿ ಅಜ್ಜಿ. ಭಾಳ ದೂರ ಐತಿ."

ಮಿತ್ರಾ ಗೋಡೆಗೆ ಒರಗಿ ನಿಂತಿದ್ದಳು. ಹೇಳು ಎಂದವಳು ತಾನೇ. ಈಗ ಕೇಳುವಾಗ ಒಂದೊಂದು ತಾಸೂ ತನ್ನ ಕೈಯಿಂದ ಅವನನ್ನು ಕಿತ್ತುಕೊಳ್ಳುತ್ತಿದೆ ಎನ್ನಿಸಿತು.

"ಐದೂ ಇಲ್ಲ, ಎರಡೂ ಇಲ್ಲ, ಮೂರೂವರಿ ಹೆಂಗಾತು?" ಎಂದ ಬಸ್ಸಪ್ಪ. ಮಿತ್ರಾ ಗಡಿಯಾರದ ವಿಷಯ ವಿವರಿಸಿದಳು. ಬಸ್ಸಪ್ಪನಿಗೆ ಅದು ಅನ್ಯಾಯವೆಂದೇ ಕಂಡಿತು. "ಒಂದೊಂದು ಊರಿಗೆ ಒಂದೊಂದು ಟೈಮು ಅಂದ್ರ ಟೈಮ್ ಟೇಬಲ್ ಹೆಂಗ ಬರೀತಾರ? ಲೇಟು ಯಾರಿಗೆ ಹಾಕ್ತಾರ?"

"ಬಸ್ಸ್ಯಾ, ನಿನ್ನ ಗಡಿಯಾರ ಬಾಜೂಕಿಡು," ಎಂದಳು ಮುದುಕಮ್ಮ. ಬತ್ತಿ ಸರಿಮಾಡಿ, ಹೊರಸಿನ ಮೇಲೆ ಬಂದು ಕೂತಳು. ನಿಂಗರಾಜನನ್ನು ನೋಡಿದಳು.

"ನಮ್ಮ ಗ್ಯಾನೀನ ಕೇಳಾಕ ಬಂದೋರು ಏನಂದಿದ್ರು ಗೊತ್ತೇನು? ಸೋಲಾಪುರ ಇಲ್ಲೇ ಐತಿ, ಹಿಂಗ ಹೋಗಿ ಹಂಗ ಬರಬಹುದು ಅಂದಿದ್ರು. ನಾ ನಂಬಿದೆ. ಜ್ವರ ಅಂತ ಸುದ್ದಿ ಬಂತು. ಇಲ್ಲೇ ಐತೆಲ್ಲ, ಕೊಯ್ಲು ಮುಗಿಸಿ ನಾಳಿ ಹೋದ್ರಾತು ಅಂತ ಒಂದು ದಿನ ಕುಂತುಬಿಟ್ಟೆ. ದೂರ ಐತಿ ಅಂತ ಒಬ್ಬರರ ಖರೇ ಹೇಳಿದ್ರ ಅವತ್ತ ಹೊಂಡತಿದ್ದೆ." ದೀಪದ ಕಡೆ ನೋಡಿದಳು. "ಹತ್ತರ ಅಂದ್ರ ಮಂದಿ ತಡಾ ಮಾಡ್ತಾರ ನೋಡಪ್ಪ. ದೂರ ಅಂತ ಗೊತ್ತಿದ್ರ ಮೊದಲ ಹೊಂಡತಾರ."

ಈ ಮಾತನ್ನು ಮಿತ್ರಾ ಹಿಂದೆಂದೂ ಕೇಳಿರಲಿಲ್ಲ, ಬಸ್ಸಪ್ಪನೂ ಕೇಳಿರಲಿಲ್ಲ.

"ದೂರ ಐತಿ ಅಂತ ನನ್ನ ಮುಂದ ನಿಂತು ಹೇಳಿದ ಮೊದಲನೇ ಗಂಡಸು ನೀನು," ಎಂದಳು ಮುದುಕಮ್ಮ. "ನನ್ನ ಅಳತಿ ತಪ್ಪಿತ್ತೋ ಏನೋ. ಊರು ಎಷ್ಟು ದೂರ ಅಂತ ಕೇಳ್ಕೋತ ಬಂದೆ, ಹೇಳೋ ಬಾಯಿ ಎಂಥಾದ್ದು ಅಂತ ನೋಡಲಿಲ್ಲ. ಮಿತ್ರಾ, ನೀ ಏನಂತಿ?"

"ಹೋಗ್ತೀನಿ ಅಜ್ಜಿ," ಎಂದಳು ಮಿತ್ರಾ. ತಾನು ಇಷ್ಟು ಬೇಗ ಹೇಳಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

"ಅವ್ವಾ, ಸಮುದ್ರ ದಾಟಿ ಹೋಗೋದು..." ಎಂದು ಬಸ್ಸಪ್ಪ ರಾಗ ಎಳೆದ.

"ಸಂಘಮಿತ್ರಾ ಅಂತ ಹೆಸರಿಟ್ಟಾಂವ ಯಾರು? ಅಶೋಕ ರಾಜನ ಮಗಳು ಸಮುದ್ರ ದಾಟಿ ಲಂಕಾಕ ಹೋಗಿದ್ಳು ಅಂತ ತೊಟ್ಲದಾಗ ಹಾಕಿ ಊರೆಲ್ಲ ಸಾರಿದಾಂವ ಯಾರು? ಆ ಅಶೋಕ ಎಷ್ಟು ತಾಸಿನ ದಾರಿ ಅಂತ ಕೇಳಿದ್ನೇನೋ?"

ಬಸ್ಸಪ್ಪ ಯೂನಿಫಾರಂ ಬಿಚ್ಚಲು ಒಳಗೆ ಹೋದ. ಅಡುಗೆಮನೆಯಲ್ಲಿ ನಾಗವೇಣಿ ಜೋರಾಗಿ ನಕ್ಕಳು. ಎರಡನೇ ಸಲ ಸಕ್ಕರೆ ಬಂತು. ಈ ಸಲ ಅದು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ.

ಆದರೂ ಮುದುಕಮ್ಮ ಮುದುಕಮ್ಮನೇ. ಎರಡೂ ಮನೆಯವರು ಕೂತು ಅವಸರದಲ್ಲಿ ನಿಶ್ಚಯ ಮಾಡಿ ಮುಗಿಸಿದ ದಿನ ಆಕೆ ಸ್ಪಷ್ಟವಾಗಿ ಹೇಳಿದಳು. "ಮದುವಿ ಆಗೋ ತನಕ ನನ್ನ ಮೊಮ್ಮಗಳು ದೀಪದ ಹೊತ್ತಿಗೆ ಮನ್ಯಾಗ ಇರಬೇಕು." ಹೈದರಾಬಾದಿಗೆ ಕಳಿಸಲು ಹೋಗುವುದು ಬಸ್ಸಪ್ಪ ಮಾತ್ರ ಎಂದಾಯಿತು. ಮಿತ್ರಾ ಎದುರಾಡಲಿಲ್ಲ. ಸಿಕ್ಕಿದ್ದೇ ದೊಡ್ಡದು, ಮತ್ತೆ ಕೈ ಚಾಚುವುದು ಚೆಂದವಲ್ಲ ಎಂದುಕೊಂಡಳು. ರಾತ್ರಿ ಮಾತ್ರ ದಿಂಬು ಒದ್ದೆಯಾಯಿತು.

ಹೊರಡುವ ದಿನ ಮುಂಜಾನೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಸಂತೆಯಷ್ಟು ಜನ. ಲಿಂಗಸುಗೂರಿನಿಂದ ಬರುವ ಹೈದರಾಬಾದ್ ಬಸ್ಸಿಗೆ ಎಲ್ಲರೂ ಟವೆಲ್ಲು ಹಿಡಿದು ತಯಾರಾಗಿದ್ದರು. ನಿಂಗರಾಜನ ಎರಡು ದೊಡ್ಡ ಬ್ಯಾಗು, ಮುಕ್ಕುಂದದಿಂದ ಅವನ ಅವ್ವ ಕಳಿಸಿದ್ದ ಶೇಂಗಾ ಚಟ್ನಿಯ ಡಬ್ಬಿ. ಮುದುಕಮ್ಮ ತಾನೂ ಬರುತ್ತೇನೆಂದು ಹಟ ಮಾಡಿ ಬಂದಿದ್ದಳು. ಬಗಲಲ್ಲಿ ಕಡಕ್ ರೊಟ್ಟಿಯ ಗಂಟು.

"ಅಪ್ಪಾ, ಕಂಡಕ್ಟರಿಗೆ ಒಂದು ಫೋನ್ ಮಾಡಿ ಸೀಟು ಹಿಡಿಸಬಾರದೇನು?" ಎಂದಳು ಮಿತ್ರಾ.

"ಮೂವತ್ತು ವರ್ಷದಾಗ ಯಾರಿಗೂ ಹಿಡಿಸಿಲ್ಲ. ಅಳಿಯ ಆದ್ರೇನು, ಎಲ್ಲಾರಂಗ ಹತ್ತಲಿ," ಎಂದ ಬಸ್ಸಪ್ಪ. ಆಮೇಲೆ ಬಸ್ಸು ಎಷ್ಟು ತಡವಾಯಿತೆಂದು ಎಡಗೈ ನೋಡಿಕೊಂಡ, ಬಲಗೈಯನ್ನೂ ನೋಡಿಕೊಂಡ. ಬಲಗೈಯಲ್ಲೂ ಒಂದು ಗಡಿಯಾರವಿತ್ತು, ಹಳೆಯದು, ಪಟ್ಟಿ ಮಾತ್ರ ಹೊಸದು. ಅದು ಒಂದೂವರೆ ತಾಸು ಮುಂದಿತ್ತು.

ಮಿತ್ರಾಳಿಗೆ ಇಷ್ಟು ಹೊತ್ತು ತಡೆದುಕೊಂಡಿದ್ದ ಅಳು ಅದನ್ನು ಕಂಡು ಬಂದೇಬಿಟ್ಟಿತು. ನೀಲಿ ಕರ್ಚೀಫಿನಿಂದ ಕಣ್ಣು ಒರೆಸಿಕೊಂಡಳು.

ಬಸ್ಸು ಬಂತು. ಜನ ನುಗ್ಗಿದರು. ಮುದುಕಮ್ಮ ಅಷ್ಟು ಚುರುಕಾಗಿರಬಹುದೆಂದು ಯಾರೂ ಅಂದುಕೊಂಡಿರಲಿಲ್ಲ. ನಿಂಗರಾಜನ ಹೆಗಲ ಮೇಲಿದ್ದ ಟವೆಲ್ಲನ್ನು ಕಿತ್ತು, ತಿರುಗುತ್ತಿದ್ದ ಬಸ್ಸಿನ ಕಿಟಕಿಯೊಳಗೆ ಬೀಸಿ ಎಸೆದಳು. ಆಮೇಲೆ ಮಿತ್ರಾಳ ಕೈಯಿಂದ ಒದ್ದೆ ಕರ್ಚೀಫನ್ನು ಎಳೆದುಕೊಂಡು ಅದನ್ನೂ ಅದರ ಪಕ್ಕಕ್ಕೆ ಎಸೆದಳು.

"ಅಜ್ಜೀ, ಅದು ನಂದು!"

"ನಿಂದ ಅಂತ ಗೊತ್ತೈತಿ. ಹತ್ತು."

"ಹೈದರಾಬಾದಿಗೇನು? ಸಂಜಿಗೆ ವಾಪಸ್ ಬರಾಕ ಆಗೋದಿಲ್ಲ ಅಜ್ಜಿ."

"ನನಗ ಲೆಕ್ಕ ಬರೋದಿಲ್ಲಂತ ತಿಳಿದಿಯೇನು? ಹೋಗಿ ಕಳಿಸಿ, ನಿಮ್ಮಪ್ಪನ ಜೋಡಿ ಬಾ. ಹತ್ತ ಬೇ, ಯಾರರ ಕುಂತಾರು!"

ಮಿತ್ರಾ ಜನರ ನಡುವೆ ನುಗ್ಗಿ ಒಳಗೆ ಹೋದಳು. ಅಷ್ಟರಲ್ಲಿ ನಿಂಗರಾಜ ಬ್ಯಾಗು ಮೇಲಿಟ್ಟು ಕೂತಿದ್ದ. ಒದ್ದೆ ಕರ್ಚೀಫು ನಾಲ್ಕು ಮಡಿಕೆಯಾಗಿ ಅವನ ಮೊಣಕಾಲ ಮೇಲಿತ್ತು.

"ಸೀಟು ನಂದು," ಎಂದಳು.

"ಸರಕಾರದ್ದು," ಎಂದ ಅವನು. ನಗುತ್ತಿದ್ದ, ಆದರೆ ಕಣ್ಣು ತುಂಬಿದ್ದವು. "ಆದ್ರ ಹೈದರಾಬಾದ್ ಬಸ್ಸಿಗೆ ಫ್ರೀ ಇಲ್ಲ. ಇವತ್ತು ನಿನಗೂ ಟಿಕೆಟ್ ಐತಿ."

"ಹಂಗಾರ ಸೀಟು ಖರೇನ ನಂದು. ಸರಿ ಆಕಡೆ."

ಅವನು ಎದ್ದು ಕಿಟಕಿಯ ಜಾಗವನ್ನು ಅವಳಿಗೆ ಬಿಟ್ಟ. ಮೂರು ಸೀಟು ಹಿಂದೆ ಬಸ್ಸಪ್ಪ ಕಂಬಿ ಹಿಡಿದು ನಿಂತು, ಎರಡೂ ಗಡಿಯಾರಗಳನ್ನು ಬಿಟ್ಟು ಬೇರೆಲ್ಲೂ ನೋಡುವುದಿಲ್ಲ ಎಂಬಂತಿದ್ದ. ಮುದುಕಮ್ಮ ಕಿಟಕಿಯ ಕೆಳಗೆ ಬಂದು ರೊಟ್ಟಿಯ ಗಂಟನ್ನು ಮೇಲಕ್ಕೆತ್ತಿ ಕೊಟ್ಟಳು. ಬಸ್ಸು ಕದಲಿತು. ಮಿತ್ರಾ ಗಂಟನ್ನು ಎದೆಗವಚಿಕೊಂಡು ಹೊರಗೆ ಬಾಗಿದಳು.

"ಅಜ್ಜೀ, ದೀಪ?"

"ಹಚ್ಚಿ ಕುಂತಿರ್ತೀನಿ," ಎಂದಳು ಮುದುಕಮ್ಮ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆಯುತ್ತ. "ನೀ ಯಾವಾಗ ಬರ್ತಿ, ಅದ ನನಗ ಸಂಜಿ."

ಬಸ್ಸು ಸಿಂಧನೂರಿನ ದಾರಿ ಹಿಡಿಯಿತು.